ಗುಲಾಬಿಗೆ ನೆಟ್ಟ ಹಾಲುಗಂಬ

ಸ್ನೇಹಲತಾಳ ಗುಲಾಬಿ ಮಕಾಡೆ ಬಿದ್ದ ದಿನ ಪ್ರೇಮಕುಮಾರಿ ಒಂದರ ಬದಲು ಎರಡು ಲೋಟ ಕಾಫಿ ಕುಡಿದಳು. ಮೊದಲನೆಯದು ಅಭ್ಯಾಸಕ್ಕೆ, ಎರಡನೆಯದು ಸಂತೋಷಕ್ಕೆ. ಅವಳ ಅಡುಗೆಮನೆಯ ಕಿಟಕಿಯಲ್ಲಿ ನಿಂತರೆ ಗೋಡೆಯಾಚೆಯ ಅಂಗಳ ಪೂರ್ತಿ ಕಾಣುತ್ತಿತ್ತು. ಹಿಂದಿನ ದಿನ ಹೊಯ್ದ ಮಳೆಗೆ ಹೂಗಳೆಲ್ಲ ನೀರು ಕುಡಿದು ತೂಕವಾಗಿ, ಬಟ್ಟಲಗಲದ ತಲೆ ಹೊತ್ತ ಕೊಂಬೆಗಳು ಒಂದರ ಮೇಲೊಂದು ಕೆಸರಿಗೆ ಒರಗಿದ್ದವು. ಸ್ನೇಹಲತಾ ನೈಟಿಯ ಮೇಲೊಂದು ಟವೆಲು ಹೊದ್ದು, ಒಂದೊಂದೇ ಹೂವಿನ ಗದ್ದ ಹಿಡಿದು ಎತ್ತುತ್ತಿದ್ದಳು. ಕೈ ಬಿಟ್ಟ ಕೂಡಲೇ ಅದು ಮತ್ತೆ ಬೀಳುತ್ತಿತ್ತು.

ಹೊಳೆನರಸೀಪುರದಲ್ಲಿ ಹೇಮಾವತಿ ಕಡೆಗೆ ಇಳಿಯುವ ಬೀದಿಯೊಂದರಲ್ಲಿ ಒಂದೇ ಕಾಂಪೌಂಡಿನೊಳಗೆ ಅಣ್ಣ ತಮ್ಮಂದಿರ ಎರಡು ಮನೆಗಳು. ಅಣ್ಣ ರಂಗಸ್ವಾಮಿಯ ಹೆಂಡತಿ ಸ್ನೇಹಲತಾ, ತಮ್ಮ ಅಮರನಾಥನ ಹೆಂಡತಿ ಪ್ರೇಮಕುಮಾರಿ. ನಡುವೆ ಸೊಂಟದೆತ್ತರದ ಗೋಡೆ, ಗೋಡೆಗೊಂದು ಸಣ್ಣ ಗೇಟು. ಸಾವಿರ ಜುಟ್ಟು ಸೇರಿದರೂ ಎರಡು ಜಡೆ ಸೇರುವುದಿಲ್ಲ ಎಂಬ ಗಾದೆ ಕಟ್ಟಿದವನು ಜುಟ್ಟಿನವನೇ ಇರಬೇಕು. ಆದರೂ ಈ ಕಾಂಪೌಂಡಿನ ಮಟ್ಟಿಗೆ ಅವನು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಸ್ನೇಹಲತಾ ಹಾಸನದ ಪೇಟೆ ಹುಡುಗಿ, ಡಿಗ್ರಿ ಓದಿದವಳು. ಪ್ರೇಮಕುಮಾರಿ ಅರಕಲಗೂಡಿನ ಹೊಗೆಸೊಪ್ಪು ಬೆಳೆಯುವ ಮನೆಯವಳು. ಮದುವೆಯಾಗಿ ಬಂದ ಹೊಸದರಲ್ಲಿ ಇವಳು ಪಕ್ಕದಲ್ಲಿ ಕೂತರೆ ಅವಳು ಸೀನುವಂತೆ ನಟಿಸಿ, ಹೊಗೆಸೊಪ್ಪಿನ ಘಾಟು ಎಂದು ಎಲ್ಲರನ್ನೂ ನಗಿಸಿದ್ದಳು. ಇವಳೂ ಸುಮ್ಮನಿದ್ದವಳಲ್ಲ. ಡಿಗ್ರಿ ಓದಿದವರ ಕೈಯಲ್ಲಿ ಮುದ್ದೆ ಗಂಟಾಗುತ್ತದೆ ಎಂದು ಊಟದ ಪಂಕ್ತಿಯಲ್ಲೇ ಹೇಳಿ ಲೆಕ್ಕ ಚುಕ್ತಾ ಮಾಡಿದ್ದಳು.

ಅದೆಲ್ಲ ಸಣ್ಣಪುಟ್ಟ ಕಿರಿಕಿರಿ. ದ್ವೇಷ ಅಂತ ಹುಟ್ಟಿದ್ದು ಈ ವರ್ಷದ ವೈಶಾಖದಲ್ಲಿ.

ಪ್ರೇಮಕುಮಾರಿಯ ಒಬ್ಬಳೇ ಮಗಳು ಸೌಜನ್ಯಳಿಗೆ ಅರಕಲಗೂಡಿನ ಸಂಬಂಧವೇ ಕೂಡಿಬಂದಿತ್ತು. ಹುಡುಗ ಮನು, ಶುಂಠಿ ವ್ಯಾಪಾರ, ಒಳ್ಳೆಯ ಮನೆತನ. ತವರಿನ ಅಣ್ಣನೇ ನೋಡಿ ಕುದುರಿಸಿದ ಗಂಡು. ಚಪ್ಪರದ ದಿನ ಆ ಅಣ್ಣ, ಸೋದರಮಾವ ತರಬೇಕಾದ ಹಾಲುಗಂಬವನ್ನು ತಾನೇ ತೋಟದಲ್ಲಿ ಕಡಿದು, ಹೆಗಲ ಮೇಲೆ ಹೊತ್ತು ತಂದ. ಹಾಲುವಾಣದ ಹಸಿ ಕೊಂಬೆ, ತೋಳಿನ ದಪ್ಪ, ಆಳೆತ್ತರಕ್ಕಿಂತ ಒಂದು ಗೇಣು ಹೆಚ್ಚು, ತುದಿಯಲ್ಲಿ ಕವಲು. ಅದಕ್ಕೆ ಅರಿಶಿನ ಬಳಿದು, ಹಿರಿಯ ಮುತ್ತೈದೆಯಿಂದ ಕಂಕಣ ಕಟ್ಟಿಸಿ, ಹಾಲು ತುಪ್ಪ ಬಿಟ್ಟು ಚಪ್ಪರದ ಮೂಲೆಯಲ್ಲಿ ನೆಟ್ಟರು. ಆ ಕಂಬ ನಿಂತಿತು ಎಂದರೆ ಮದುವೆ ನಿಂತ ಹಾಗೆ, ಇನ್ನು ಅಲ್ಲಾಡುವಂತಿಲ್ಲ.

ಅಲ್ಲಾಡಿತು. ಅವತ್ತು ಸಂಜೆಯೇ ಹುಡುಗನ ತಾಯಿ ಲಕ್ಷ್ಮಿದೇವಮ್ಮ ಫೋನ್ ಮಾಡಿ ಈ ಮದುವೆ ಬೇಡ ಎಂದುಬಿಟ್ಟಳು. ಯಾಕೆ ಎಂದರೆ ಒಂದೇ ಮಾತು: “ನಿಮ್ ವಾರಗಿತ್ತೀರು ಫೋನ್ ಮಾಡಿದ್ರು. ಏಳಬೇಕಾದ್ದೆಲ್ಲ ಏಳವ್ರೆ. ಅವ್ರನ್ನೇ ಕೇಳ್ಕಳಿ.” ಪ್ರೇಮಕುಮಾರಿ ಫೋನು ಕೈಯಲ್ಲಿ ಹಿಡಿದೇ ಗೇಟು ದಾಟಿ ಹೋಗಿ ಕೇಳಿದಳು. ಸ್ನೇಹಲತಾ ಅಳುಕಲಿಲ್ಲ. ಹೌದು, ಫೋನ್ ಮಾಡಿದ್ದು ತಾನೇ, ಏನು ಹೇಳಿದೆ ಎಂದು ಮಾತ್ರ ಕೇಳಬೇಡ ಎಂದಳು. ಅಮರನಾಥ ಕೇಳಿದ, ರಂಗಸ್ವಾಮಿ ಹೆಂಡತಿಯ ಮೇಲೆ ರೇಗಿದ. ಅವಳ ಬಾಯಿಂದ ಅದರ ಮೇಲೆ ಒಂದಕ್ಷರವೂ ಬರಲಿಲ್ಲ. ಅರಕಲಗೂಡಿನವರು ಜಾತಕ ಕೂಡಲಿಲ್ಲ ಎಂದು ಊರಿಗೆ ಹೇಳಿಕೊಂಡು ಕೈತೊಳೆದುಕೊಂಡರು. ಸೌಜನ್ಯ ಒಂದು ದಿನ ಕೋಣೆಯ ಬಾಗಿಲು ಹಾಕಿಕೊಂಡು ಅತ್ತಳು. ಆಮೇಲೆ ಹಾಸನದ ಸಾಲಗಾಮೆ ರಸ್ತೆಯ ಒಂದು ಲ್ಯಾಬಿನಲ್ಲಿ ರಕ್ತಪರೀಕ್ಷೆಯ ಕೆಲಸ ಹಿಡಿದು, ಪೀಜಿ ಸೇರಿಕೊಂಡು ಅಲ್ಲೇ ಉಳಿದಳು. ಮಗಳ ಆ ಅಳು ತಾಯಿಯ ಹೊಟ್ಟೆಯಲ್ಲಿ ಕೆಂಡವಾಗಿ ಕೂತಿತು.

ಚಪ್ಪರ ಬಿಚ್ಚಿದ ಮೇಲೆ ಅಮರನಾಥ ಹೆಂಡತಿಗೆ ಹೇಳಿದ, ಆ ಕಂಬವನ್ನು ಇಟ್ಟುಕೊಳ್ಳಬಾರದು, ಹೊಳೆಗೆ ಬಿಟ್ಟು ಬಾ ಎಂದು. ಮುರಿದ ಮದುವೆಯ ಹಾಲುಗಂಬ ಹರಿಯುವ ನೀರಿಗೇ ಹೋಗಬೇಕು. ಅದು ಯಾರ ಅಂಗಳದಲ್ಲಿ ನಿಲ್ಲುತ್ತದೋ ಆ ಮನೆಯಲ್ಲಿ ಓಲಗ ಊದುವುದಿಲ್ಲ ಎಂದು ಪ್ರೇಮಕುಮಾರಿಯ ಅವ್ವ ಹೇಳುತ್ತಿದ್ದಳು. ಬೀದಿಯವರ ಮುಂದೆ ಅದನ್ನು ಹೊತ್ತುಕೊಂಡು ಹೋಗಲು ಮುಖವಿಲ್ಲದೆ ಅವಳು ಬಚ್ಚಲ ಹಿಂದಿನ ತೇವದ ಮೂಲೆಯಲ್ಲಿ ಒರಗಿಸಿಟ್ಟಳು. ನಾಳೆ ಬಿಡೋಣ, ನಾಳಿದ್ದು ಬಿಡೋಣ ಎಂದು ಅದು ಅಲ್ಲೇ ಉಳಿಯಿತು.

ಅಷ್ಟರಲ್ಲಿ ಸ್ನೇಹಲತಾಳ ಮಗನಿಗೆ ಹೆಣ್ಣು ಗೊತ್ತಾಯಿತು. ಅಭಿಷೇಕ್ ಪಿಯು ಕಾಲೇಜಿನಲ್ಲಿ ಪಾಠ ಹೇಳುವ ಹುಡುಗ, ಸಾಧು. ಹುಡುಗಿ ರೂಪಶ್ರೀ, ಚನ್ನರಾಯಪಟ್ಟಣದ ಕಡೆ ಜಿನನಾಥಪುರದವಳು. ಶ್ರಾವಣದಲ್ಲಿ ನಿಶ್ಚಿತಾರ್ಥ, ಅದೂ ಮನೆಯ ಅಂಗಳದಲ್ಲೇ, ಗುಲಾಬಿಯ ಮುಂದೆಯೇ. ಈಗಿನವರಿಗೆ ಫೋಟೊ ಚೆನ್ನಾಗಿ ಬಂದರೆ ನಿಶ್ಚಿತಾರ್ಥವೂ ಚೆನ್ನಾಗಿ ಆದ ಹಾಗೆ. ಗುಲಾಬಿಯೋ, ಒಂದೊಂದು ಹೂವೂ ನೂರು ಎಸಳಿನ, ತಿಳಿಗೆಂಪಿನ, ನೋಡಿದವರು ನಿಂತು ನೋಡುವ ಜಾತಿ. ಆದರೆ ಕಾಲು ಬಡಕಲು, ತಲೆ ಭಾರ. ಸ್ನೇಹಲತಾ ಅದಕ್ಕೆ ನೀರಿನ ಪೈಪಿನ ತುಂಡು ನೆಟ್ಟು, ಹಳೆಯ ಸೀರೆಯ ಅಂಚು ಹರಿದು ಎಲ್ಲ ಕೊಂಬೆಗಳನ್ನೂ ಒಂದೇ ಸುತ್ತಿನಲ್ಲಿ ಬಿಗಿದಳು. ಪೊರಕೆ ಕಟ್ಟಿದ ಹಾಗೆ ಕಾಣಿಸಿತು. ಜಾಗ ನೋಡಲು ಬಂದ ಫೋಟೊದವನು ಈ ಪೈಪು ತೆಗೆಸಿ ಮೇಡಂ ಎಂದು ಹೋದ. ತೆಗೆಸಿದಳು. ಆ ವಾರವೇ ಮಳೆ ಬಂದು ಗಿಡ ಮಕಾಡೆ ಬಿತ್ತು.

ಆಗ ಸ್ನೇಹಲತಾ ಗೇಟು ತೆರೆದುಕೊಂಡು ಬಂದಳು. ಬಂದವಳು ನಡುಮನೆಯಲ್ಲಿ ಕೂತು, ಬೀಳುವ ಬಳ್ಳಿಯನ್ನು ನಿಲ್ಲಿಸುವುದು ನಿನ್ನ ಕೈಗೇ ಸರಿ, ನಿನ್ನ ಅವರೆ ಹೀರೆಗಳು ಪೊಲೀಸರ ಹಾಗೆ ಸೆಟೆದು ನಿಲ್ಲುತ್ತವೆ, ಈ ಗುಲಾಬಿಗೂ ಕಣ್ಣಿಗೆ ಚೆಂದ ಕಾಣುವಂಥ ಆಸರೆಯೊಂದು ಕಟ್ಟಿಕೊಡು ಎಂದು ಕೇಳಿದಳು. ಮಗಳ ಚಪ್ಪರ ಕೀಳಿಸಿದ ಬಾಯಿ ಮಗನ ನಿಶ್ಚಿತಾರ್ಥಕ್ಕೆ ಅಲಂಕಾರ ಕೇಳುತ್ತಿತ್ತು. ಪ್ರೇಮಕುಮಾರಿ ಪಲ್ಯಕ್ಕೆ ಕ್ಯಾರೆಟ್ ಹೆಚ್ಚುತ್ತಿದ್ದಳು. ಕ್ಯಾರೆಟ್ಟಿನ ಮೇಲೆ ಚಾಕು ಇಟ್ಟು, ತಲೆ ಎತ್ತದೆ, ಕಟ್ಟಿಕೊಡುತ್ತೇನೆ ಬಿಡಕ್ಕ ಎಂದಳು.

ಹಾವೂ ಸಾಯಬೇಕು, ಕೋಲೂ ಮುರಿಯಬಾರದು ಎನ್ನುತ್ತಾರೆ. ಕೋಲು ಬಚ್ಚಲ ಹಿಂದೆ ಸಿದ್ಧವಾಗಿತ್ತು.

ಕೆಲಸವೆಂದರೆ ಪ್ರೇಮಕುಮಾರಿಗೆ ಕೆಲಸವೇ. ಸೇಡಿನ ಕೆಲಸವಾದರೂ ಅರೆಬರೆ ಮಾಡುವವಳಲ್ಲ. ಮೊದಲು ಬಿದ್ದ ಕೊಂಬೆಗಳಲ್ಲಿ ಸತ್ತದ್ದನ್ನು ಕತ್ತರಿಸಿ ತೆಗೆದಳು. ಬೇರಿಗೆ ಪೆಟ್ಟಾಗದಂತೆ ಬುಡದಿಂದ ಒಂದು ಗೇಣು ಆಚೆಗೆ ಗುಣಿ ತೋಡಿದಳು. ಬಿದಿರು ದಬ್ಬೆಗಳನ್ನು ಸೀಳಿ, ನಯವಾಗಿ ಹೆರೆದು, ಸುತ್ತಲೂ ಕಮಾನಿನಂತೆ ಬಗ್ಗಿಸಿ ನೆಟ್ಟಳು. ಕೊಂಬೆಗಳನ್ನು ನೆಟ್ಟಗೆ ಬಿಗಿಯದೆ, ಬೀಸಣಿಗೆ ಬಿಚ್ಚಿದಂತೆ ಅಕ್ಕಪಕ್ಕಕ್ಕೆ ಒಲಿಸಿ ಆ ಕಮಾನಿನ ಮೇಲೆ ಮಲಗಿಸಿದಳು. ಹಾಗೆ ಅಡ್ಡ ಮಲಗಿದ ಕೊಂಬೆ ಗೆಣ್ಣುಗೆಣ್ಣಿಗೂ ಮೊಗ್ಗು ಬಿಡುತ್ತದೆ. ಕಟ್ಟಲು ಪ್ಲಾಸ್ಟಿಕ್ ದಾರವಲ್ಲ, ನೆನೆಸಿದ ಬಾಳೆನಾರು. ಕೊಂಬೆಗೊಂದು ಸುತ್ತು, ದಬ್ಬೆಗೊಂದು ಸುತ್ತು, ನಡುವೆ ತಿರುವು. ಗಾಳಿಗೆ ಕೊಂಬೆ ಅಲ್ಲಾಡಬೇಕು, ಉಜ್ಜಬಾರದು. ಗಂಟು ಎಲೆಯ ಹಿಂದೆ ಅಡಗಬೇಕು.

ನಡುವಿನ ಕಂಬ ಮಾತ್ರ ಹಾಲುಗಂಬ. ಅದನ್ನು ಹೊತ್ತುಕೊಂಡು ಗೇಟು ದಾಟಿದಾಗ ಇದೆಲ್ಲಿಯದು ಎಂದು ಸ್ನೇಹಲತಾ ಕೇಳಿದಳು. ನಮ್ಮ ತೋಟದ್ದು ಎಂದಳು ಇವಳು, ಅದೇನೂ ಸುಳ್ಳಲ್ಲ. ಸ್ನೇಹಲತಾ ಕಂಬದ ಮೇಲೊಮ್ಮೆ ಅಂಗೈ ಆಡಿಸಿ, ಚೆನ್ನಾಗಿದೆ ನೆಡು ಎಂದು ಒಳಗೆ ಹೋದಳು.

ಇಲ್ಲಿ ಪ್ರೇಮಕುಮಾರಿ ಒಂದು ಗಳಿಗೆ ತಡೆದಳು. ಹಸಿ ಕೊಂಬೆಯನ್ನು ಆಸರೆಗೆ ನೆಡುವವರು ತಲೆಕೆಳಗಾಗಿ ನೆಡುತ್ತಾರೆ, ಇಲ್ಲವೇ ತೊಗಟೆ ಸುಲಿಯುತ್ತಾರೆ. ಇಲ್ಲದಿದ್ದರೆ ಹಾಲುವಾಣದಂಥದ್ದು ಬೇರು ಬಿಟ್ಟು ತಾನೇ ಮರವಾಗಲು ಹೊರಡುತ್ತದೆ. ಅರಕಲಗೂಡಿನ ಚಿಕ್ಕ ಮಕ್ಕಳಿಗೂ ಇದು ಗೊತ್ತು. ಆದರೆ ತಲೆಕೆಳಗಾಗಿ ನೆಟ್ಟರೆ ಅದು ಬರಿಯ ಗೂಟ, ಹಾಲುಗಂಬವಲ್ಲ. ಸುಲಿದರೆ ಅರಿಶಿನ ಹೋಯಿತು. ಅಂಥ ಕಂಬ ಯಾರ ಓಲಗವನ್ನು ನಿಲ್ಲಿಸೀತು? ಅದೂ ಅಲ್ಲದೆ ಇಷ್ಟು ದಿನ ಮೂಲೆಯಲ್ಲಿ ಬಿದ್ದದ್ದು ಸತ್ತೇ ಹೋಗಿರುತ್ತದೆ ಎಂದುಕೊಂಡು, ಚಪ್ಪರದಲ್ಲಿ ನಿಂತಿದ್ದ ಹಾಗೆಯೇ ಬುಡ ಕೆಳಗೆ, ಕವಲು ಮೇಲೆ ಮಾಡಿ ನೆಟ್ಟಳು. ಅರಿಶಿನದ ಕಲೆ ಮಣ್ಣಿನೊಳಗೆ ಹೋಯಿತು. ಕಾಲಿನಿಂದ ಮಣ್ಣು ತುಳಿದು ಗಟ್ಟಿ ಮಾಡುವಾಗ ಅವಳು ಬಾಯಿಬಿಟ್ಟೇ ಅಂದಳು: “ನಮ್ಮನೇಲಿ ಊದದ ಓಲ್ಗ ನಿಮ್ಮನೇಲೂ ಊದಬಾರ್ದು.”

ಗಿಡ ನೋಡಿದವರೆಲ್ಲ ಬಾಯಿ ಮೇಲೆ ಬೆರಳಿಟ್ಟರು. ನೆಲಕ್ಕೆ ಬಿದ್ದಿದ್ದು ಇದೇನಾ ಎನ್ನುವ ಹಾಗೆ ಗುಲಾಬಿ ಕಂಬದ ಕವಲಿನಿಂದ ಕೆಳಗಿನ ಕಮಾನಿನವರೆಗೆ ಹರಡಿ ನಿಂತಿತು. ಹೂ ಬಾಗುತ್ತಿತ್ತು, ಆದರೆ ಬೀಳುತ್ತಿರಲಿಲ್ಲ. ಬೀದಿಯ ಹೆಂಗಸರು ಬಂದು ಹೊಗಳಿದರು, ರಂಗಸ್ವಾಮಿ ತಮ್ಮನನ್ನು ಕರೆದು ತೋರಿಸಿದ. ಪ್ರೇಮಕುಮಾರಿ ನಗುತ್ತಾ ಹೊಗಳಿಕೆ ಕೇಳಿಸಿಕೊಂಡಳು. ಬಾಯಲ್ಲಿ ಬಸಪ್ಪ, ಹೊಟ್ಟೆಯಲ್ಲಿ ವಿಷಪ್ಪ ಎಂದು ಬೇರೆಯವರ ಬಗ್ಗೆ ಹೇಳುತ್ತಿದ್ದವಳು ತಾನೇ ಹಾಗೆ ನಿಂತಿದ್ದಳು. ಅದರಿಂದ ಅವಳಿಗೆ ಬೇಸರವೇನೂ ಆಗಲಿಲ್ಲ, ಹಿತವೇ ಆಯಿತು.

ಆಷಾಢದ ಜಡಿಮಳೆ ಹಿಡಿಯಿತು. ಒಂದು ಬೆಳಿಗ್ಗೆ ನಾರು ಬಿಗಿಯಾಗಿದೆಯೇ ನೋಡಲು ಹೋದವಳು ಕಂಬದ ಕವಲಿನ ಬಳಿ ಗೋಧಿಕಾಳಿನಷ್ಟು ಹಸಿರು ಕಂಡಳು. ಸತ್ತಿದೆ ಎಂದುಕೊಂಡಿದ್ದ ಕಂಬ ಬೇರು ಬಿಟ್ಟಿತ್ತು. ಹಾಲುಗಂಬ ಚಿಗುರಿದರೆ ಮನೆಗೆ ಶುಭ, ವಂಶ ಬೆಳೆಯುತ್ತದೆ ಎಂಬುದು ಅವಳ ಅವ್ವನದೇ ಮಾತು. ಇವಳು ಶಾಪಕ್ಕೆಂದು ನೆಟ್ಟದ್ದು ಆಶೀರ್ವಾದ ಮಾಡಲು ಹೊರಟಿತ್ತು. ಆಚೆ ಈಚೆ ನೋಡಿ ಉಗುರಿನಿಂದ ಚಿಗುರು ಚಿವುಟಿ ಸೆರಗಿನಲ್ಲಿ ಕಟ್ಟಿಕೊಂಡು ಬಂದಳು. ಮರುದಿನ ಇನ್ನೊಂದು ಕಡೆ ಬಂತು. ಅದನ್ನೂ ಚಿವುಟಿದಳು. ಅಲ್ಲಿಂದ ಮುಂದೆ ಅದೇ ದಿನಚರಿಯಾಯಿತು. ನಾರು ನೋಡುವ ನೆಪ, ಹುಳ ನೋಡುವ ನೆಪ, ಬಾಡಿದ ಹೂ ತೆಗೆಯುವ ನೆಪ. ಅವಳು ದಿನಾ ಹೋಗಿ ಕೈಯಾಡಿಸಿದ್ದಕ್ಕೆ ಗುಲಾಬಿ ಇನ್ನೂ ಸೊಕ್ಕಿ ಬೆಳೆಯಿತು. ಕಂಬವೂ ಬಿಡಲಿಲ್ಲ. ಚಿವುಟಿದಷ್ಟೂ ಒಡೆಯುವ ಅದರ ಹಟ ನೋಡಿ ಅವಳಿಗೆ ಮೈ ಪರಚಿಕೊಳ್ಳುವಂತಾಗುತ್ತಿತ್ತು. ನನ್ನ ತವರಿನ ಮರ, ನನ್ನ ಮಗಳ ಕಂಬ, ಅದೂ ಅವಳ ಕಡೆಗೇ ಹೋಯಿತಲ್ಲ ಎಂದು ಗಂಡನೆದುರು ಬೈಯಲೂ ಆಗದೆ ಪಾತ್ರೆಗಳನ್ನು ಕುಕ್ಕಿದಳು.

ನಿಶ್ಚಿತಾರ್ಥ ಹತ್ತಿರ ಬಂದಾಗ ಮಳೆಯಲ್ಲಿ ನೆನೆದು ನೆನೆದು ಅವಳಿಗೆ ಜ್ವರ ಹಿಡಿಯಿತು. ಹಾಸಿಗೆ ಬಿಟ್ಟು ಏಳಲಾಗದೆ ಮಲಗಿದಳು. ಸ್ನೇಹಲತಾ ಗಂಜಿ ಕಳಿಸಿದಳು, ಇವಳು ಅದನ್ನು ಬಚ್ಚಲಿಗೆ ಚೆಲ್ಲಿಸಿದಳು. ಸೌಜನ್ಯ ರಜೆ ಹಾಕಿ ಬಂದು ತಾಯಿಯ ತಲೆಗೆ ಒದ್ದೆ ಬಟ್ಟೆ ಹಾಕಿದಳು. ಜ್ವರದಲ್ಲೂ ಪ್ರೇಮಕುಮಾರಿ ಲೆಕ್ಕ ಹಾಕುತ್ತಿದ್ದುದು ಒಂದೇ, ಕವಲಿನಲ್ಲಿ ಎಷ್ಟು ಚಿಗುರು ಬಂದಿರಬಹುದು ಎಂದು.

ನಿಶ್ಚಿತಾರ್ಥದ ಬೆಳಿಗ್ಗೆ ಎದ್ದು ರೇಷ್ಮೆ ಸೀರೆ ಉಟ್ಟು ಗೇಟು ದಾಟಿದಳು. ಕಂಬದ ತುಂಬ ಎಲೆ. ಮೂರು ಮೂರು ಎಲೆಯ ಗೊಂಚಲು ಗುಲಾಬಿಯ ತಲೆಯ ಮೇಲೆ ಕೊಡೆ ಹಿಡಿದಂತೆ ನಿಂತಿತ್ತು. ಅದರ ಮುಂದೆ ಎರಡು ಕುರ್ಚಿ, ಕೆಂಪು ರತ್ನಗಂಬಳಿ, ಫೋಟೊದವನು, ವಿಡಿಯೊದವನು. ಚಿವುಟಲು ಹೊತ್ತೂ ಇರಲಿಲ್ಲ, ಮರೆಯೂ ಇರಲಿಲ್ಲ. ಅಷ್ಟರಲ್ಲಿ ಜಿನನಾಥಪುರದವರ ಟೆಂಪೊ ಬಂದು ನಿಂತಿತು.

ಹೆಣ್ಣಿನ ಕಡೆಯವರಲ್ಲಿ ಹಿರಿಯಳೆಂದರೆ ರೂಪಶ್ರೀಯ ಅಜ್ಜಿ ಬೆಟ್ಟಮ್ಮ. ಕಣ್ಣು ಇನ್ನೂ ಚುರುಕು, ನಾಲಿಗೆ ಅದಕ್ಕಿಂತ ಚುರುಕು. ಎಲ್ಲರೂ ಗುಲಾಬಿಯನ್ನು ನೋಡಿದರೆ ಅಜ್ಜಿ ಅದರ ಹಿಂದಿನ ಕಂಬವನ್ನು ನೋಡಿದಳು. ಇದನ್ನು ಕಟ್ಟಿದವರು ಯಾರು ಎಂದು ಕೇಳಿದಳು. ನಮ್ಮ ಪ್ರೇಮ ಎಂದು ಸ್ನೇಹಲತಾ ವಾರಗಿತ್ತಿಯನ್ನು ಮುಂದಕ್ಕೆ ಕರೆದಳು.

ಬೆಟ್ಟಮ್ಮ ಪ್ರೇಮಕುಮಾರಿಯ ಮುಖ ನೋಡಿದಳು. “ಅಲ್ಲ ಕಣವ್ವ, ಇದು ಆಲುಗಂಬ ಅಲ್ವಾ? ಬುಡದಲ್ಲಿ ಅರ್ಸಿಣ ಕಾಣ್ತದೆ. ಯಾರ್ ಮದ್ವೇದು?”

ಮಳೆಗೆ ಬುಡದ ಮಣ್ಣು ಕೊಚ್ಚಿ ಹೋಗಿತ್ತು. ಅಂಗಳದಲ್ಲಿದ್ದವರೆಲ್ಲ ಇತ್ತ ತಿರುಗಿದರು. ಪ್ರೇಮಕುಮಾರಿಯ ಕೈಯೊಳಗೆ ಕಂಬ ತಾನಾಗಿ ಬಂದು ನಿಂತಂತಾಯಿತು. ಚಿಗುರಿದರೇನು, ಹೇಳುವ ಬಾಯಿ ತನ್ನದಲ್ಲವೇ? ಎದುರಿಗೆ ರೇಷ್ಮೆ ಸೀರೆಯಲ್ಲಿ, ತಲೆತುಂಬ ಹೂ ಮುಡಿದು ನಿಂತ ಸ್ನೇಹಲತಾಳನ್ನು ನೋಡಿಕೊಂಡೇ ಹೇಳಿದಳು.

“ಆಲುಗಂಬಾನೆ ಕಣಜ್ಜಿ. ನನ್ ಮಗಳ್ ಮದ್ವೇದು. ಮದ್ವೆ ಆಗ್ನಿಲ್ಲ, ಚಪ್ರದ್ ದಿನಾನೇ ಮುರ್ದೋಯ್ತು. ಮುರ್ದೋಳು ಇವ್ಳೇ, ನಿಮ್ ಬೀಗಿತ್ತಿ. ಅದ್ಕೇ ಇವ್ಳ ಅಂಗ್ಳಕ್ಕೇ ತಂದು ನೆಟ್ಟಿವ್ನಿ.”

ಅಮರನಾಥ ತಲೆ ಮೇಲೆ ಕೈ ಹೊತ್ತು ಮೆಟ್ಟಿಲ ಮೇಲೆ ಕುಸಿದ. ಅಭಿಷೇಕ್ ಚಿಕ್ಕಮ್ಮನನ್ನು ಪೆದ್ದುಪೆದ್ದಾಗಿ ನೋಡಿದ. ಸ್ನೇಹಲತಾಳ ಮುಖದಲ್ಲಿ ಬಣ್ಣ ಇಳಿಯಿತು, ಆದರೆ ಆಶ್ಚರ್ಯ ಕಾಣಲಿಲ್ಲ.

“ಗೊತ್ತು ಪ್ರೇಮ” ಎಂದಳು ಅವಳು. “ಇದಕ್ಕೆ ಕಂಕಣ ಕಟ್ಟಿದವಳೇ ನಾನು. ನೀನು ಹೊತ್ತುಕೊಂಡು ಬಂದ ದಿನಾನೇ ಗೊತ್ತಾಯ್ತು.”

“ಗೊತ್ತಿದ್ದೂ ಯಾಕ್ ನೆಡಿಸ್ಕಂಡೆ?”

“ಮದುವೆ ಮುರಿದ ಮೇಲೆ ನೀನು ಉರ್ಕೊಳ್ಳೋದನ್ನ ನೋಡಿ ನಾನು ಒಳಗೊಳಗೆ ಖುಷಿ ಪಟ್ಟಿದ್ದೆ. ಸುಳ್ಳು ಯಾಕೆ ಹೇಳ್ಲಿ. ಅದಕ್ಕೆ ಇದು ತಪ್ಪುಕಾಣಿಕೆ ಅಂದ್ಕೊಂಡೆ.”

ರೂಪಶ್ರೀಯ ಅಪ್ಪ ಶಲ್ಯ ಕೊಡವಿ ಹೆಗಲಿಗೆ ಹಾಕಿಕೊಂಡ. ಸ್ವಂತ ಮೈದುನನ ಮಗಳ ಮದುವೆಯನ್ನೇ ಮುರಿದ ಮನೆಗೆ ಹೆಣ್ಣು ಕೊಡುವುದು ಹೇಗೆ ಎಂದು ಕೇಳಿದ. ಯಾಕೆ ಮುರಿದಿರಿ, ಅದನ್ನಾದರೂ ಹೇಳಿ ಎಂದ. ಅದನ್ನು ಮಾತ್ರ ಹೇಳಲಾರೆ ಎಂದಳು ಸ್ನೇಹಲತಾ. ಎಷ್ಟು ಕೇಳಿದರೂ ಅಷ್ಟೇ. ಕೊನೆಗೆ ಅವನು ತಮ್ಮವರಿಗೆ ಟೆಂಪೊ ಹತ್ತಲು ಕಣ್ಸನ್ನೆ ಮಾಡಿದ. ರೂಪಶ್ರೀ ಕುರ್ಚಿಯಿಂದ ಎದ್ದು ನಿಂತಳು, ಅವಳ ಕಣ್ಣು ತುಂಬಿತ್ತು.

ಇಷ್ಟೇ ತಾನೇ ಬೇಕಾಗಿದ್ದದ್ದು. ಪ್ರೇಮಕುಮಾರಿ ಕಣ್ತುಂಬ ನೋಡಿದಳು. ತನ್ನ ಅಂಗಳದಲ್ಲಿ ಅವತ್ತು ಹೀಗೆಯೇ ಕುರ್ಚಿಗಳು ಖಾಲಿಯಾಗಿದ್ದವು. ಹೊಟ್ಟೆಯ ಕೆಂಡಕ್ಕೆ ನೀರು ಬಿದ್ದಂತೆ ತಣ್ಣಗಾಯಿತು. ಒಳ್ಳೆಯದಾಯಿತು ಎಂದು ಮನಸ್ಸಿನಲ್ಲೇ ಅಂದುಕೊಂಡಳು.

ಆಗ ಹೂವಿನ ತಟ್ಟೆ ಹಿಡಿದು ನಿಂತಿದ್ದ ಸೌಜನ್ಯ ತಟ್ಟೆಯನ್ನು ಕುರ್ಚಿಯ ಮೇಲಿಟ್ಟು ಮುಂದೆ ಬಂದಳು. ಸ್ನೇಹಲತಾ ಬೇಡ ಎನ್ನುವಂತೆ ಅವಳ ತೋಳು ಹಿಡಿದಳು. ಅವಳು ಬಿಡಿಸಿಕೊಂಡಳು.

“ದೊಡ್ಡಮ್ಮ ಮುರೀಲಿಲ್ಲ. ನಾನೇ ಮುರ್ಸಿದ್ದು” ಎಂದಳು. ಆ ಹುಡುಗ ದಿನಾ ವಿಡಿಯೊ ಕಾಲ್ ಮಾಡಿ, ಯಾರ ಜೊತೆ ಇದ್ದೀಯ, ಕೋಣೆ ಸುತ್ತ ಫೋನು ತಿರುಗಿಸಿ ತೋರಿಸು ಎನ್ನುತ್ತ ಇದ್ದನಂತೆ. ಬಚ್ಚಲಿಗೆ ಹೋದರೂ ಹೇಳಿ ಹೋಗಬೇಕಿತ್ತಂತೆ. ಚಪ್ಪರದ ದಿನ ಮಧ್ಯಾಹ್ನ ದೊಡ್ಡಮ್ಮನ ಕಾಲು ಹಿಡಿದು ಅತ್ತಿದ್ದಕ್ಕೆ, ಹುಡುಗಿಗೆ ಮನಸ್ಸಿಲ್ಲ, ಬಲವಂತ ಬೇಡ ಎಂದು ಅವರು ಫೋನ್ ಮಾಡಿದ್ದು. “ಚಪ್ರ ಆಕದ್ಮೇಲೆ ಉಡುಗಿನೇ ಒಲ್ಲೆ ಅಂದ್ಲು ಅಂತ ಗೊತ್ತಾದ್ರೆ ನನ್ನ ಯಾರೂ ಮದ್ವೆ ಆಗಲ್ಲ, ನನ್ ಎಸ್ರು ಎತ್ಬೇಡಿ ಅಂತ ಆಣೆ ಆಕಿಸ್ಕಂಡಿದ್ದೆ. ಎಲ್ಲ ತನ್ ಮೇಲೆ ಆಕಂಡ್ರು.”

ಅಂಗಳದ ಹೆಂಗಸರ ತಲೆಗಳು ಒಂದಕ್ಕೊಂದು ಹತ್ತಿರ ಬಂದವು. ಯಾರೋ ಹಾಗಾದರೆ ಜಾತಕದ ಕಥೆ ಸುಳ್ಳಾ ಎಂದರು, ಯಾರೋ ಶ್ ಎಂದರು. ವಿಡಿಯೊದವನ ಕ್ಯಾಮೆರಾದ ಕೆಂಪು ದೀಪ ಉರಿಯುತ್ತಲೇ ಇತ್ತು. ಸಂಜೆಯೊಳಗೆ ಈ ಸುದ್ದಿ ಅರಕಲಗೂಡು ಮುಟ್ಟುತ್ತದೆ, ನಾಳೆ ಚನ್ನರಾಯಪಟ್ಟಣದ ಬಸ್ಸಿನಲ್ಲಿ ಕೂತವರೂ ಆಡಿಕೊಳ್ಳುತ್ತಾರೆ. ತಾನು ಎಸೆದ ಕಲ್ಲು ಯಾರ ಹಣೆಗೆ ಬಿತ್ತು ಎಂದು ಪ್ರೇಮಕುಮಾರಿಗೆ ಆಗ ಕಂಡಿತು. ಹಗೆಯವಳು ಬಾಯಿ ಮುಚ್ಚಿಕೊಂಡು ಕಾಪಾಡಿದ್ದ ಹೆಸರನ್ನು ಹೆತ್ತವಳು ಅಷ್ಟು ಜನರ ಮುಂದೆ ಬಿಚ್ಚಿಸಿದ್ದಳು.

ಬೆಟ್ಟಮ್ಮ ಕೋಲೂರಿಕೊಂಡು ಕಂಬದ ಹತ್ತಿರ ಹೋದಳು. ಒಂದು ಎಲೆ ಹಿಡಿದು ಹೆಬ್ಬೆರಳಿನಿಂದ ಉಜ್ಜಿ ನೋಡಿ, ಮಗನ ಕಡೆಗೆ ತಿರುಗಿದಳು. “ಒಣ್ಗೋಗಿದ್ರೆ ನಾನೇ ಮೊದ್ಲು ಎದ್ದೋಯ್ತಿದ್ದೆ ಕಣ್ಲಾ. ಒಬ್ಬ ಎಣ್ಮಗ್ಳ ಮಾನ ಮುಚ್ಕಂಡು ಮೂರ್ ತಿಂಗ್ಳು ಬೈಸ್ಕಂಡೋಳು ನಿನ್ ಮಗಳ್ನ ಬೀದೀಗ್ ಆಕ್ತಾಳಾ? ಕೂತ್ಕ. ತಟ್ಟೆ ಬದ್ಲಾಯಿಸ್ಕಳಿ.”

ಅವಳ ಮಾತಿಗೆ ಎದುರಿಲ್ಲ. ಹೊರಟವರು ಕೂತರು, ತಟ್ಟೆ ಬದಲಾಯಿತು, ಓಲಗದವನು ಒಂದು ಸಲ ಎಲ್ಲರ ಮುಖ ನೋಡಿ ಊದಿದ. ಫೋಟೊದಲ್ಲಿ ಹುಡುಗ ಹುಡುಗಿಯ ಹಿಂದೆ ಗುಲಾಬಿ ಚೆನ್ನಾಗಿಯೇ ಬಂತು. ಊಟದ ಪಂಕ್ತಿಯಲ್ಲಿ ಸೌಜನ್ಯಳ ಅಕ್ಕಪಕ್ಕದ ಎಲೆಗಳು ಖಾಲಿ ಉಳಿದವು. ಸ್ನೇಹಲತಾ ಬಡಿಸುವುದನ್ನು ಬಿಟ್ಟು ಬಂದು ಒಂದು ಎಲೆಯ ಮುಂದೆ ಕೂತಳು. ಇನ್ನೊಂದು ಎಲೆಯ ಮುಂದೆ ಕೂರಲು ಪ್ರೇಮಕುಮಾರಿಗೆ ಕಾಲು ಬರಲಿಲ್ಲ.

ಬೀಗರು ಹೋದ ಮೇಲೆ ಅವಳು ಗುಲಾಬಿಯ ಹತ್ತಿರ ಹೋಗಿ ಕಂಬಕ್ಕೆ ಎರಡೂ ಕೈ ಹಾಕಿ ಎಳೆದಳು. ಕಂಬ ಮಿಸುಕಲಿಲ್ಲ. ಇನ್ನೂ ಜೋರಾಗಿ ಎಳೆದಾಗ ಬುಡದ ಮಣ್ಣು ಬಿರಿದು ಗುಲಾಬಿಯ ಬೇರೂ ಜೊತೆಗೆ ಮೇಲೆದ್ದಿತು, ಹೂಗಳು ಉದುರಿ ಸೀರೆಯ ಮೇಲೆ ಬಿದ್ದವು. ಬಿಟ್ಟು ಕೈ ಒರೆಸಿಕೊಂಡಳು. ಸೌಜನ್ಯ ಹಾಸನದ ಬಸ್ಸಿಗೆ ಹೊರಡಲು ಬ್ಯಾಗು ಹಿಡಿದು ಗೇಟಿನಲ್ಲಿ ನಿಂತಿದ್ದಳು.

“ಊರ್ಗೆಲ್ಲ ಏಳಾದ್ ಬ್ಯಾಡ. ನಿಮ್ ದೊಡ್ಡವ್ವಂಗೆ ಏಳ್ದೋಳು ನನ್ಗೊಂದು ಮಾತು ಏಳ್ಬಾರ್ದಿತ್ತಾ?” ಎಂದು ಪ್ರೇಮಕುಮಾರಿ ಕೇಳಿದಳು. ಅವಳ ಸಿಟ್ಟಿಗೆ ಹಿಡಿದುಕೊಳ್ಳಲು ಅದೊಂದೇ ಉಳಿದಿತ್ತು.

ಮಗಳು ಬ್ಯಾಗನ್ನು ಇನ್ನೊಂದು ಕೈಗೆ ಬದಲಾಯಿಸಿದಳು. ಅವಳಿಗೆ ಸಿಟ್ಟಿರಲಿಲ್ಲ, ಸುಸ್ತಾಗಿತ್ತು.

“ಏಳಿದ್ದೆ ಅಮ್ಮ. ಅವತ್ತು ಬೆಳಿಗ್ಗೆ ನೀನು ಈ ಕಂಬಕ್ಕೆ ಅರ್ಸಿಣ ಅಚ್ತಾ ಕೂತಿದ್ದೆ. ಪಕ್ಕದಲ್ಲೇ ಕುಕ್ರುಗಾಲಲ್ಲಿ ಕೂತ್ಕಂಡು, ನಂಗೆ ಇದು ಬ್ಯಾಡ ಕಣಮ್ಮ ಅಂದೆ. ನೀನು ತಿರುಗಿ ನೋಡ್ನಿಲ್ಲ. ಆ ಆಲಿನ್ ಚೊಂಬು ಇತ್ತ ಕೊಡು ಅಂದೆ. ಕೊಟ್ಟೆ.”

ಆ ಚೊಂಬು ಪ್ರೇಮಕುಮಾರಿಗೆ ನೆನಪಾಯಿತು. ಹಿತ್ತಾಳೆಯದು, ತವರಿನಿಂದ ತಂದದ್ದು, ಕಂಠದ ಬಳಿ ಸ್ವಲ್ಪ ನಗ್ಗಿದ್ದು. ಅದನ್ನು ಯಾರ ಕೈಯಿಂದ ಈಸಿಕೊಂಡೆ ಎಂಬುದು ಎಷ್ಟು ಯೋಚಿಸಿದರೂ ನೆನಪಿಗೆ ಬರಲಿಲ್ಲ.